ನಾಯಿ ವಾಕಿಂಗ್ ದಾರಿಯಲ್ಲಿ ಒಂದು ಹಳೇ ಕಲ್ಲು, ಇದು ವೀರಗಲ್ಲಾ? ಗೊತ್ತಿರೋರು ಹೇಳಿ

ಮುಂಜಾವು
ಎಲ್ಲರಿಗೂ ನಮಸ್ಕಾರ. ನಮ್ಮನೆ ಬೇಗೂರು ಕಡೆ. ದಿನಾ ಬೆಳಿಗ್ಗೆ ನಮ್ಮ ಕರಿಯನ್ನ (ನಾಟಿ ನಾಯಿ, ಬೀದಿಯಿಂದ ತಂದು ಸಾಕಿದ್ದು) ಕೆರೆ ಏರಿ ಮೇಲೆ ಓಡಾಡಿಸಿಕೊಂಡು ಬರ್ತೀನಿ. ಏರಿ ಇಳಿದು ಹಳೇ ಊರಿಗೆ ತಿರುಗೋ ಮೂಲೇಲಿ ಒಂದು ಅರಳಿಕಟ್ಟೆ, ಪಕ್ಕದಲ್ಲಿ ಮಣ್ಣಲ್ಲಿ ಅರ್ಧ ಹೂತಿರೋ ಒಂದು ಕಲ್ಲು. ಊರವರು ಅರಿಶಿನ ಕುಂಕುಮ ಹಚ್ಚಿ ಎಣ್ಣೆ ಹಾಕ್ತಾರೆ.

ಮೊನ್ನೆ ಜೋರು ಮಳೆ ಬಂತಲ್ಲ, ಬುಡದ ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿದೆ. ಕೆಳಗಿನ ಅಂಕಣ ಈಗ ಪೂರ್ತಿ ಕಾಣ್ತಿದೆ. ಒಬ್ಬ ಮನುಷ್ಯ ಮೊಣಕಾಲು ಮಡಚಿ ಈಟಿ ಚುಚ್ತಿದಾನೆ. ಎದುರಿಗೆ ಬೆನ್ನಿನ ಕೂದಲು ನಿಮಿರಿಸಿಕೊಂಡ ಹಂದಿ. ಹಂದಿಯ ಹಿಂಗಾಲಿಗೆ ಬಾಯಿ ಹಾಕಿರೋ ಒಂದು ನಾಯಿ! ಬಾಲ ಚಕ್ಕುಲಿ ಥರ ಸುತ್ತಿಕೊಂಡಿದೆ, ಕೊರಳಲ್ಲಿ ಪಟ್ಟಿ ಕೂಡ ಕೆತ್ತಿದಾರೆ. ಮೇಲ್ಗಡೆ ಸೂರ್ಯ, ಚಂದ್ರ. ಮಧ್ಯದ ಪಟ್ಟಿಯಲ್ಲಿ ಗೀರು ಗೀರು, ಅಕ್ಷರ ಇರಬಹುದು ಅನ್ಸುತ್ತೆ. ಫೋಟೋ ಹಾಕಿದೀನಿ.

ಇದು ಯಾರದಾದರೂ ಸಮಾಧಿನಾ? ಎಷ್ಟು ಹಳೇದು? ಇನ್ನೊಂದು ವಿಷಯ, ಅದೇ ಮೂಲೇಲಿ ಚರಂಡಿ ಅಗೆಯೋಕೆ ಸುಣ್ಣದ ಗೆರೆ ಹಾಕಿ ಹೋಗಿದಾರೆ. ಜೆಸಿಬಿ ಬರೋ ಮೊದಲು ಏನಾದ್ರೂ ಮಾಡಬೇಕು. ದಯವಿಟ್ಟು ಹೇಳಿ.

ಬೇಗೂರ್_ಹುಡ್ಗ
ವೀರಗಲ್ಲೇ ಗುರು, ಡೌಟೇ ಬೇಡ. ನೀವು ಓಡಾಡ್ತಿರೋ ನೆಲ ಸಾಮಾನ್ಯದ್ದಲ್ಲ. ನಮ್ಮೂರ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರೋ ಕಲ್ಲಲ್ಲಿ ‘ಬೆಂಗಳೂರು ಕಾಳಗ’ದಲ್ಲಿ ಬುಟ್ಟನಸೆಟ್ಟಿ ಸತ್ತ ಅಂತ ಬರೆದಿದೆ, ಸುಮಾರು ಕ್ರಿ.ಶ. 890ರದ್ದು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಅದಕ್ಕಿಂತ ಆರೂವರೆ ಶತಮಾನ ಮೊದಲೇ ಬೆಂಗಳೂರು ಅನ್ನೋ ಊರಿತ್ತು, ಅಲ್ಲಿ ಕಾಳಗ ನಡೀತು, ಜನ ಸತ್ತರು. ಇದನ್ನ ಹೇಳ್ತಿರೋದು ಸತ್ತವನ ಕಲ್ಲು. ಯಾವ ರಾಜನ ಅರಮನೆಯೂ ಅಲ್ಲ.

ಹಲಸೂರು_ಅಕ್ಕ
ಹಾಗಾದ್ರೆ ಕಲ್ಲಿನ ಕೆಳಗೆ ಆ ಮನುಷ್ಯನನ್ನ ಹೂಳಿರ್ತಾರಾ? ಅದರ ಪಕ್ಕ ನಾಯಿ ಓಡಾಡಿಸೋದು ಸರೀನಾ ಅಂತ ಯೋಚನೆ ಆಗ್ತಿದೆ.

ನಿವೃತ್ತ_ಮೇಷ್ಟ್ರು
ತಾಯೀ, ವೀರಗಲ್ಲು ಸ್ಮಾರಕ, ಗೋರಿಯಲ್ಲ. ಕೆಳಗೆ ದೇಹ ಇರಬೇಕೆಂಬ ನಿಯಮವಿಲ್ಲ. ಸತ್ತ ಜಾಗದಲ್ಲೋ, ಊರ ಮುಂದೋ, ಕೆರೆ ಏರಿಯ ಮೇಲೋ, ಗುಡಿಯ ಎದುರೋ ನಿಲ್ಲಿಸುತ್ತಿದ್ದರು. ಹೋಗಿಬರುವವರ ಕಣ್ಣಿಗೆ ಬೀಳಲಿ ಎಂದು.

ಸಾಮಾನ್ಯವಾಗಿ ಮೂರು ಅಂಕಣ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಹೋರಾಟ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಶಿವಲಿಂಗದ ಮುಂದೆ ಅವನು ಕುಳಿತಿರುವುದು, ಜೊತೆಗೆ ಸೂರ್ಯಚಂದ್ರ. ಅವು ಇರುವವರೆಗೂ ಈ ಕೀರ್ತಿ ಇರಲಿ ಎಂಬ ಅರ್ಥ. ಅಂಕಣಗಳ ನಡುವಿನ ಪಟ್ಟಿಯಲ್ಲೇ ಬರಹವಿರುತ್ತದೆ, ಹಾಗಾಗಿ ನೀವು ನೋಡಿದ ಗೀರುಗಳು ಅಕ್ಷರವಾಗಿರುವ ಸಂಭವ ಹೆಚ್ಚು.

ಎಲ್ಲ ವೀರರೂ ಯುದ್ಧದಲ್ಲೇ ಸತ್ತವರಲ್ಲ. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರ ಕಲ್ಲುಗಳು ಬಹಳ, ಅದನ್ನು ತುರುಗೋಳು ಎನ್ನುತ್ತಾರೆ. ಊರಿಗೆ ನುಗ್ಗಿದ ಹುಲಿ, ಹಂದಿಯೊಡನೆ ಸೆಣಸಿ ಸತ್ತವರದ್ದೂ ಇವೆ. ನಿಮ್ಮದು ಹಂದಿ ಬೇಟೆಯ ಕಲ್ಲು. ಹಂದಿ ಎಂದರೆ ಆಗಿನ ರೈತನಿಗೆ ಒಂದೇ ರಾತ್ರಿಯಲ್ಲಿ ರಾಗಿ ಹೊಲ ಹಾಳು ಮಾಡುವ ಶತ್ರು. ಅದನ್ನು ಕೊಲ್ಲಲು ಹೋಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸಿತು.

ಹಾವೇರಿ_ಮಂದಿ
ನಮ್ಮ ಕಡೆ ಊರಿಗೆ ನಾಕೈದು ವೀರಗಲ್ಲ ಅದಾವ್ರಿ. ಹಣಮಪ್ಪನ ಗುಡಿ ಮುಂದ ಸಾಲಾಗಿ ನಿಲ್ಲಿಸ್ಯಾರ. ಬೆಂಗಳೂರಾಗ ಅಪಾರ್ಟ್‌ಮೆಂಟ್ ಬಿಟ್ರ ಏನೂ ಇಲ್ಲ ಅಂತ ತಿಳ್ಕೊಂಡವ್ರು ಈ ಫೋಟೋ ನೋಡ್ಬೇಕ್ರಿ. ಆ ನಾಯಿ ಕೆತ್ತಿದವನ ಕೈಗೆ ನಮಸ್ಕಾರ.

ಶುಚಿ_ಪ್ರಿಯ
ಎಲ್ಲ ಸರಿ. ಆದರೆ ನಾಯಿ ಕರ್ಕೊಂಡು ಹೋಗೋರು ಕಲ್ಲು ಕಂಡ ಕಡೆ ಕಾಲೆತ್ತಿಸ್ತಾರೆ. ನಮ್ಮ ಪಾರ್ಕ್ ಪಕ್ಕದ ನಾಗರಕಲ್ಲಿಗೂ ಇದೇ ಗತಿ. ಇತಿಹಾಸ ಮಾತಾಡೋ ಮೊದಲು ಅದನ್ನ ನಿಲ್ಲಿಸಿ.

ಮುಂಜಾವು
@ಶುಚಿ_ಪ್ರಿಯ ಮಾತು ನ್ಯಾಯ. ಕಟ್ಟೆ ಹತ್ರ ಬಂದ ತಕ್ಷಣ ನಾನು ಹಗ್ಗ ಗಿಡ್ಡ ಹಿಡೀತೀನಿ. ಉಪ್ಪಿನಂಶ ಕಲ್ಲನ್ನೂ ತಿನ್ನುತ್ತೆ ಅಂತ ಕೇಳಿದೀನಿ. ನಾಯಿ ಸಾಕಿರೋರು ಎಲ್ಲರೂ ಇದನ್ನ ಪಾಲಿಸಬೇಕು.

ಟಾಮಿ_ಅಮ್ಮ
ಬೀದಿನಾಯಿಗಳಿಗೆ ಹಗ್ಗ ಹಿಡಿಯೋರು ಯಾರು? ಅವಕ್ಕೂ ಸಂತಾನಹರಣ, ಲಸಿಕೆ ಸರಿಯಾಗಿ ಆಗ್ಬೇಕು.

ಬೇಗೂರ್_ಹುಡ್ಗ
ಶುರುವಾಯ್ತು. ಬೀದಿನಾಯಿ ಚರ್ಚೆಗೆ ಬೇರೆ ಜಾಗ ಇದೆ, ದಯವಿಟ್ಟು ಇಲ್ಲಿ ಕಲ್ಲಿನ ವಿಷಯ ಮಾತಾಡೋಣ.

ಕಸ್ತೂರ್ಬಾ_ರಸ್ತೆ
ನಾಯಿ ಇರೋ ಹಂದಿ ಬೇಟೆ ಕಲ್ಲು ಅಂದ ಕೂಡಲೇ ಆತಕೂರು ನೆನಪಾಯ್ತು. ನಾಯಿ ಸಾಕಿರೋ ಪ್ರತಿಯೊಬ್ಬ ಕನ್ನಡಿಗರೂ ಒಮ್ಮೆಯಾದ್ರೂ ನೋಡಬೇಕಾದ ಕಲ್ಲು ಅದು. ಇರೋದು ಇದೇ ಊರಲ್ಲಿ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ.

ಕಥೆ ಹೀಗಿದೆ. ಕ್ರಿ.ಶ. 949ರ ಹೊತ್ತಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತು. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಹೋರಾಡಿದ ಗಂಗರ ರಾಜ ಬೂತುಗ ಚೋಳ ರಾಜಾದಿತ್ಯನನ್ನ ಕೊಂದ. ಬೂತುಗನ ಕಡೆ ಮಣಲೆರ ಅನ್ನೋ ಯೋಧ ಇದ್ದ. ಇವನ ಪರಾಕ್ರಮಕ್ಕೆ ಮೆಚ್ಚಿ ಕೃಷ್ಣ ಏನು ಬೇಕು ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನ!

ಆಮೇಲೆ ಬೆಳತೂರಿನ ಗುಡ್ಡದ ಹತ್ರ ಒಂದು ಭಾರೀ ಹಂದಿಯ ಮೇಲೆ ಕಾಳಿಯನ್ನ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನಲ್ಲಿ (ಈಗಿನ ಮದ್ದೂರು ತಾಲ್ಲೂಕು) ಚಲ್ಲೇಶ್ವರನ ಗುಡಿ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟ. ಗುಡಿಯ ಗೊರವ (ಪೂಜಾರಿ) ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತೆ ಅಂತಲೂ ಬರೆಸಿದಾನೆ. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡೋ ಚಿತ್ರ ಇದೆ. ಚರಿತ್ರೆ ಪುಸ್ತಕದವರಿಗೆ ತಕ್ಕೋಲ ಯುದ್ಧದ ವಿವರಕ್ಕೆ ಈ ಶಾಸನ ಬೇಕು. ನನಗಂತೂ ಬೇಕಾಗಿರೋದು ಕಾಳಿ.

ಟಾಮಿ_ಅಮ್ಮ
ಓದಿ ಕಣ್ಣು ತುಂಬಿ ಬಂತು. ನಾಯಿ ಹೆಸರು ಸಾವಿರ ವರ್ಷ ಉಳಿದಿದೆ ಅಂದ್ರೆ!

ನಿವೃತ್ತ_ಮೇಷ್ಟ್ರು
ಸೊಗಸಾಗಿ ಬರೆದಿದ್ದೀರಿ. ಅದೇ ಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ವೀರಗಲ್ಲೂ ಇದೆ. ಆನೆ, ಕುದುರೆ, ಬಿಲ್ಲಾಳು, ಬಿದ್ದ ಹೆಣ, ಇಡೀ ರಣರಂಗವನ್ನೇ ಕೆತ್ತಿದ್ದಾರೆ. ವೀರಮಹೇಂದ್ರನ ಸೈನ್ಯದ ಮೇಲೆ ಹೋರಾಡಿ ಗಂಗರ ಅಧಿಕಾರಿ ನಾಗತ್ತರ ಸತ್ತದ್ದು, ಆಮೇಲೆ ಗಂಗರ ರಾಜ ಎರೆಯಪ್ಪ ಇರುಗ ಎಂಬವನಿಗೆ ಬೇಗೂರು ಹನ್ನೆರಡು ಹಳ್ಳಿಗಳ ನಾಡನ್ನು ಕೊಟ್ಟದ್ದು ಅದರಲ್ಲಿದೆ. ತೆರೆದಿರುವ ದಿನ ವಿಚಾರಿಸಿ ಹೋಗಿ ನೋಡಿ.

ಸೈಟ್_ಇಂಜಿನಿಯರ್
ಸ್ವಲ್ಪ ಕೆಲಸದ ಮಾತು. ನಾನು ಇಂಥ ಚರಂಡಿ ಕಾಮಗಾರಿಗಳಲ್ಲಿ ಇದ್ದವನು. ಜೆಸಿಬಿ ಓಡಿಸೋ ಹುಡುಗನಿಗೆ ಅದು ಬರೀ ಅಡ್ಡ ಸಿಕ್ಕಿದ ಕಲ್ಲು. ಎತ್ತಿ ಪಕ್ಕಕ್ಕೆ ಹಾಕ್ತಾನೆ, ಬಕೆಟ್ ಹಲ್ಲು ತಾಗಿ ಒಂದು ಚಕ್ಕೆ ಎದ್ದರೆ ಒಂದು ಸಾಲು ಅಕ್ಷರ ಹೋಯ್ತು. ಬೆಳಿಗ್ಗೆ ಕೆಲಸ ಶುರುವಾಗೋ ಮೊದಲು ನೀವೇ ಹೋಗಿ ಮೇಸ್ತ್ರಿಗೆ, ಜೆಸಿಬಿ ಹುಡುಗನಿಗೆ ಕೈಯಿಟ್ಟು ತೋರಿಸಿ. ಸುತ್ತ ನಾಲ್ಕು ಗೂಟ ಹೊಡೆದು ಕೆಂಪು ಬಿಳಿ ಟೇಪ್ ಕಟ್ಟಿ. ಆಮೇಲೆ ವಾರ್ಡ್ ಇಂಜಿನಿಯರ್‌ಗೆ ಫೋಟೋ, ಗೂಗಲ್ ಮ್ಯಾಪ್ ಗುರುತು ಸಮೇತ ಬರಹದಲ್ಲಿ ಕೊಡಿ. ಬಾಯಿಮಾತು ನಿಲ್ಲಲ್ಲ. ಚರಂಡಿಯನ್ನ ಒಂದೆರಡು ಅಡಿ ಬಳಸಿ ತೆಗೆಯೋದು ದೊಡ್ಡ ಕೆಲಸವೇನಲ್ಲ.

ಹೆಬ್ಬಾಳದ ಕಿತ್ತಯ್ಯನ ಕಲ್ಲು ಗೊತ್ತಲ್ಲ? ಕ್ರಿ.ಶ. 750ರ ಸುಮಾರಿನದ್ದು, ಗಂಗರ ಶ್ರೀಪುರುಷನ ಕಾಲ. ರಾಷ್ಟ್ರಕೂಟರ ದಾಳಿಯಲ್ಲಿ ಊರು ಕಾಯೋಕೆ ನಿಂತು ಸತ್ತವನು. ಅದೂ ಚರಂಡಿ ಕೆಲಸದಲ್ಲೇ ಕಳೆದುಹೋಗೋದ್ರಲ್ಲಿತ್ತು, ಅಕ್ಕಪಕ್ಕದವರು ಉಳಿಸಿಕೊಂಡರು. ಈಗ ಗಂಗರ ಶೈಲಿಯಲ್ಲಿ ಒಂದು ಮಂಟಪ ಕಟ್ಟಿ ನಿಲ್ಲಿಸಿದಾರೆ. ಹೋಗಿ ನೋಡಿ, ಧೈರ್ಯ ಬರುತ್ತೆ.

ಮಲ್ಲೇಶ್ವರಂ_8ನೇ_ಅಡ್ಡರಸ್ತೆ
ನನ್ನ ಪ್ರಕಾರ ಕಲ್ಲನ್ನ ಎತ್ತಿ ಮ್ಯೂಸಿಯಂಗೆ ಕೊಡೋದೇ ಸರಿ. ರಸ್ತೆ ಮೂಲೇಲಿ ಇವತ್ತಲ್ಲ ನಾಳೆ ಲಾರಿ ಗುದ್ದುತ್ತೆ, ಇಲ್ಲಾ ಯಾರೋ ಪೇಂಟ್ ಬಳೀತಾರೆ.

ಬೇಗೂರ್_ಹುಡ್ಗ
ಒಪ್ಪಲ್ಲ ಸಾರ್. ಮ್ಯೂಸಿಯಂಗೆ ಹೋದ್ರೆ ಅದು ಸಾಲಲ್ಲಿ ಒಂದು ಕಲ್ಲು. ಇಲ್ಲಿದ್ರೆ ಅದು ನಮ್ಮೂರ ಕಲ್ಲು. ಅಗರದ ಕೆರೆಯ ವಿಷಯವನ್ನೇ ತಗೊಳ್ಳಿ. ಸುಮಾರು 870ರ ಅಗರದ ಶಾಸನದಲ್ಲಿ ಇರುಗಮಯ್ಯ ಎರಡು ಕೆರೆಗೆ ತೂಬು ಇಡಿಸಿ, ಮೂರನೇ ಕೆರೆ ಕಟ್ಟಿಸಿದ ಅಂತಿದೆ. ಕೆರೆ ಪಕ್ಕ ನಿಂತು ಅದನ್ನ ಓದೋದಕ್ಕೂ ಗಾಜಿನ ಹಿಂದೆ ನೋಡೋದಕ್ಕೂ ವ್ಯತ್ಯಾಸ ಇಲ್ವಾ?

ಮಲ್ಲೇಶ್ವರಂ_8ನೇ_ಅಡ್ಡರಸ್ತೆ
ವ್ಯತ್ಯಾಸ ಇದೆ. ಆದ್ರೆ ಕಲ್ಲು ಉಳಿದ್ರೆ ತಾನೇ ಓದೋದು? ಆತಕೂರಿನ ಕಾಳಿ ಮ್ಯೂಸಿಯಂ ಒಳಗೆ ಇರೋದ್ರಿಂದಲೇ ಇವತ್ತು ನಾವು ಅವಳ ಬಗ್ಗೆ ಮಾತಾಡ್ತಿರೋದು.

ನಿವೃತ್ತ_ಮೇಷ್ಟ್ರು
ಇಬ್ಬರ ಮಾತಿನಲ್ಲೂ ತಿರುಳಿದೆ, ಆದರೂ ನಾನು ಹುಡುಗನ ಪಕ್ಷ. ಊರವರು ಪೂಜಿಸುವ ಕಲ್ಲನ್ನು ಕಿತ್ತೊಯ್ದರೆ ಊರಿಗೂ ಅದಕ್ಕೂ ಇದ್ದ ನಂಟು ಅಲ್ಲಿಗೆ ಮುಗಿಯಿತು. ಇಷ್ಟು ಕಾಲ ಅದನ್ನು ಕಾಪಾಡಿದ್ದು ಆ ಅರಿಶಿನ ಕುಂಕುಮವೇ. ದೇವರೆಂದು ಕೈಮುಗಿಯದಿದ್ದರೆ ಎಂದೋ ಯಾರದೋ ಮನೆಯ ಪಾಯಕ್ಕೋ ಬಟ್ಟೆ ಒಗೆಯುವ ಕಲ್ಲಿಗೋ ಹೋಗಿರುತ್ತಿತ್ತು. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಪ್ರಕಟಿಸಿದ್ದು 1905ರಲ್ಲಿ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹಮಾಲೆಯ 9ನೇ ಸಂಪುಟ. ಅದನ್ನು ಹಿಡಿದುಕೊಂಡು ಊರೂರು ಸುತ್ತಿದವರಿಗೆ ಗೊತ್ತು, ಅದರಲ್ಲಿರುವ ಎಷ್ಟೋ ಕಲ್ಲುಗಳು ಇಂದು ಹೇಳಿದ ಜಾಗದಲ್ಲಿಲ್ಲ.

ಶಾಂತಿನಗರದವ
ಸ್ವಲ್ಪ ಬೇರೆ ದಾರಿ. ನನ್ನ ವಾಕಿಂಗ್ ಹೊಸೂರು ರಸ್ತೆಯ ಬ್ರಿಟಿಷರ ಕಾಲದ ಸ್ಮಶಾನಗಳ ಗೋಡೆ ಪಕ್ಕ. ನಾಯಿಯನ್ನ ಒಳಗೆ ಬಿಡಲ್ಲ, ಬಿಡಲೂಬಾರದು. ಭಾನುವಾರ ಒಬ್ಬನೇ ಹೋಗಿ ನೋಡ್ತೀನಿ. ಲಾಲ್‌ಬಾಗ್‌ನ ಕ್ರುಂಬಿಗಲ್ ಸಾಹೇಬರ ಸಮಾಧಿ ಅಲ್ಲೇ ಇರೋದು. ಜರ್ಮನಿಯಿಂದ ಬಂದವರು, 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು, 1956ರಲ್ಲಿ ಇಲ್ಲೇ ತೀರಿಕೊಂಡರು. ಒಂದು ಜಾತಿ ಮರದ ಹೂ ಉದುರೋ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಬೀದಿಯಲ್ಲಿ ಹೂ ಇರಬೇಕು ಅನ್ನೋದು ಅವರ ಲೆಕ್ಕಾಚಾರ. ಫೆಬ್ರವರಿ, ಮಾರ್ಚ್‌ನಲ್ಲಿ ಟಬೆಬುಯಾ ಫೋಟೋ ಹಾಕೋ ನಾವೆಲ್ಲ ಒಂದ್ಸಲ ಆ ಸಮಾಧಿಗೆ ಹೂ ಇಟ್ಟು ಬರಬೇಕು.

ಅಲ್ಲಿ ನನ್ನನ್ನ ತಡೆದು ನಿಲ್ಲಿಸೋದು ಹೆಸರಾದವರ ಕಲ್ಲುಗಳಲ್ಲ. ಎಂಟು ತಿಂಗಳ ಮಗು, ಎರಡು ವರ್ಷದ ಮಗು, ಒಂದೇ ಮನೆಯವು, ಒಂದೇ ಕಲ್ಲಿನ ಮೇಲೆ. ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದಾರೆ. ಹಿಂದಿನ ಕಾಲದ ಕಾಲರಾ, ಸಿಡುಬು, 1898ರ ಪ್ಲೇಗು, ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿ ಎದೆಗೆ ತಾಗುತ್ತೆ.

ಹಲಸೂರು_ಅಕ್ಕ
ಪ್ಲೇಗ್ ಅಂದ್ರೆ, ಮಲ್ಲೇಶ್ವರಂ, ಬಸವನಗುಡಿ ಬೆಳೆದಿದ್ದೇ ಆ ಪ್ಲೇಗಿನ ಆಮೇಲೆ. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದ್ರು. ಪ್ಲೇಗ್ ಅಮ್ಮನ ಗುಡಿಗಳು ಎಷ್ಟೋ ಕಡೆ ಇವೆ, ಅವೂ ಒಂಥರಾ ಸ್ಮಾರಕವೇ.

ಕೋಟೆ_ಬಾಗಿಲು
ಬ್ರಿಟಿಷರ ಗೋರಿಗಳ ಬಗ್ಗೆ ಇಷ್ಟೊಂದು ಕರುಣೆ ಯಾಕೆ? 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪುವಿನ ಬೆಂಗಳೂರು ಕೋಟೆಗೆ ನುಗ್ಗಿದಾಗ ಸತ್ತ ನಮ್ಮವರಿಗೆ ಯಾರು ಕಲ್ಲು ಹಾಕಿದ್ರು? ಕಿಲ್ಲೇದಾರ್ (ಕೋಟೆಯ ಅಧಿಕಾರಿ) ಬಹಾದುರ್ ಖಾನ್ ಕಾದಾಡಿ ಸತ್ತ. ಮಾರ್ಕೆಟ್ ಹತ್ರದ ದರ್ಗಾ ಅವನದ್ದು ಅಂತ ಜನ ನಂಬ್ತಾರೆ, ಅಷ್ಟೇ. ಬ್ರಿಟಿಷರು ಮಾತ್ರ ತಮ್ಮವರಿಗೆ ಸೆನೊಟಾಫ್ (ಸತ್ತವರ ಸ್ಮಾರಕ ಕಂಬ) ಕಟ್ಟಿಕೊಂಡರು. 1964ರಲ್ಲಿ ಅದನ್ನ ಕೆಡವಿದ್ದು ಸರಿಯಾಗಿತ್ತು.

ಶಾಂತಿನಗರದವ
ಕೆಡವಿದ್ದು ಸರಿ ಅಂತ ನಾನು ಹೇಳಲ್ಲ. ಅದು ಇದ್ದಿದ್ರೆ ಪಕ್ಕದಲ್ಲೇ ಬಹಾದುರ್ ಖಾನ್‌ಗೂ ಒಂದು ಕಲ್ಲು ನಿಲ್ಲಿಸಿ ಎರಡೂ ಕಡೆ ಕಥೆ ಹೇಳಬಹುದಿತ್ತು. ಈಗ ನೃಪತುಂಗ ರಸ್ತೆಯಲ್ಲಿ ಹೋಗೋ ಮಕ್ಕಳಿಗೆ ಅದಕ್ಕೆ ಸೆನೊಟಾಫ್ ರಸ್ತೆ ಅನ್ನೋ ಹೆಸರಿತ್ತು ಅಂತಲೂ ಗೊತ್ತಿಲ್ಲ, 1791 ಅಂದ್ರೆ ಏನು ಅಂತಲೂ ಗೊತ್ತಿಲ್ಲ. ಮರೆವಿನಿಂದ ಯಾರಿಗೆ ಲಾಭ?

ಕೋಟೆ_ಬಾಗಿಲು
ಗೆದ್ದವನ ಕಂಬವನ್ನ ಸ್ವತಂತ್ರ ದೇಶದ ನಡುರಸ್ತೆಯಲ್ಲಿ ಇಟ್ಟುಕೊಳ್ಳಬೇಕಿರಲಿಲ್ಲ. ಬಹಾದುರ್ ಖಾನ್‌ಗೆ ಕಲ್ಲು ನಿಲ್ಲಿಸೋ ಮಾತಿಗೆ ಮಾತ್ರ ನನ್ನ ಪೂರ್ತಿ ಬೆಂಬಲ.

ಜೆಸಿ_ನಗರ
ನಮ್ಮವರ ಸ್ಮಾರಕ ಬೇಕಾ? ಜಯಚಾಮರಾಜೇಂದ್ರ ನಗರಕ್ಕೆ ಬನ್ನಿ. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಗಿ ಸತ್ತ ಮೈಸೂರಿನ ಸವಾರರದ್ದು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನ ಈಟಿ ಹಿಡಿದು ಕುದುರೆ ಮೇಲೆ ನುಗ್ಗಿ ಗೆದ್ದವರಲ್ಲಿ ಇವರೂ ಇದ್ರು. ಅದರ ಮುಂದೆ ದಿನಾ ಸಾವಿರಾರು ಜನ ಬಸ್ಸಲ್ಲಿ ಹೋಗ್ತಾರೆ, ತಿರುಗಿ ನೋಡೋರು ಕಮ್ಮಿ.

ಕಸ್ತೂರ್ಬಾ_ರಸ್ತೆ
@ಮುಂಜಾವು ಅಕ್ಷರ ನೋಡೋ ವಿಧಾನ: ಹಗಲು ಬಿಸಿಲಲ್ಲಿ ಏನೂ ಕಾಣಲ್ಲ. ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಬಿಡಿ, ಬೆಳಕು ಮೇಲ್ಮೈ ಸವರಿಕೊಂಡು ಹೋಗಬೇಕು. ತಗ್ಗೆಲ್ಲ ನೆರಳಾಗಿ ಅಕ್ಷರ ಎದ್ದು ಬರುತ್ತೆ. ನಾಲ್ಕೂ ದಿಕ್ಕಿಂದ ಬೆಳಕು ಬಿಟ್ಟು ಫೋಟೋ ತೆಗೀರಿ. ಸುಣ್ಣ, ಸೀಮೆಸುಣ್ಣ, ಆ್ಯಸಿಡ್, ತಂತಿ ಬ್ರಷ್ ಯಾವುದೂ ಬೇಡ. ಬರೀ ನೀರು, ಮೆತ್ತನೆ ಬ್ರಷ್ ಸಾಕು, ಅದೂ ಊರವರನ್ನ ಕೇಳಿ.

ನೃಪತುಂಗ ರಸ್ತೆಯಲ್ಲಿರೋ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ಯಾನಲ್ಲಿ ಸಿಗುತ್ತೆ. ಅವರಿಗೆ ಬರೀರಿ.

ಸೈಟ್_ಇಂಜಿನಿಯರ್
ಜಾಗದ ಗುರುತನ್ನ ಇಲ್ಲಿ ಬಹಿರಂಗವಾಗಿ ಹಾಕಬೇಡಿ. ವೀರಗಲ್ಲಿನ ಕೆಳಗೆ ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆದು ಕಲ್ಲನ್ನ ಎರಡು ತುಂಡು ಮಾಡಿ ಹೋಗೋರು ಇದಾರೆ. ನಿಧಿ ಗಿಧಿ ಏನೂ ಇರಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲ್ಲ.

ಮುಂಜಾವು
ಮೂರು ಸುದ್ದಿ ಇದೆ.

ಒಂದು, ಮೇಸ್ತ್ರಿ ಒಪ್ಪಿದಾರೆ. ಕಲ್ಲಿನ ಜಾಗ ಬಿಟ್ಟು ಗೆರೆ ಮತ್ತೆ ಹಾಕಿದಾರೆ, ಗೂಟ ಹೊಡೆದು ಟೇಪೂ ಕಟ್ಟಿದೀವಿ. ವಾರ್ಡ್ ಆಫೀಸಿಗೆ ಪತ್ರ ಕೊಟ್ಟು ಸ್ವೀಕೃತಿ ತಗೊಂಡೆ.

ಎರಡು, ಟಾರ್ಚ್ ಹಾಕಿ ನೋಡಿದ್ವಿ. ಎಡತುದಿಯಲ್ಲಿ ‘ಸ್ವಸ್ತಿ ಶ್ರೀ’ ಸ್ಪಷ್ಟವಾಗಿ ಕಾಣುತ್ತೆ! ಮುಂದಿನದು ಹಳೆಗನ್ನಡ ಲಿಪಿ, ಬಲಗಡೆ ಕಲ್ಲು ಸವೆದಿದೆ. ಫೋಟೋಗಳನ್ನ ಮಿಥಿಕ್ ಸೊಸೈಟಿಗೂ ಮೇಷ್ಟ್ರಿಗೂ ಕಳಿಸಿದೀನಿ.

ಮೂರನೇದು ನನಗೆ ಎಲ್ಲಕ್ಕಿಂತ ದೊಡ್ಡದು. ಟಾರ್ಚ್ ಬೆಳಕು ನೋಡಿ ಹಳೇ ಊರಿನ ಅಜ್ಜಿ ಒಬ್ರು ಬಂದು, ‘ಯಾಕಪ್ಪ ಬೇಟೆರಾಯನ್ನ ಹಿಂಗೆ ನೋಡ್ತಿದೀರಾ’ ಅಂದ್ರು. ಅವರ ಅತ್ತೆ ಕಾಲದಲ್ಲಿ ರಾಗಿ ಬಿತ್ತೋ ಮೊದಲು ಇಲ್ಲಿ ಕಾಯಿ ಒಡೀತಿದ್ರಂತೆ, ಹೊಲಕ್ಕೆ ಹಂದಿ ಬೀಳದಿರಲಿ ಅಂತ. ಹೊಲ ಹೋಗಿ ಲೇಔಟ್ ಆದಮೇಲೂ ಅಜ್ಜಿ ಮಾತ್ರ ಎಣ್ಣೆ ಹಾಕೋದು ಬಿಟ್ಟಿಲ್ಲ. ಕೆಳಗಿನ ಅಂಕಣ ತೋರಿಸಿದೆ. ಹಂದಿ, ನಾಯಿ ಎರಡನ್ನೂ ಕೈಯಲ್ಲಿ ಸವರಿ ನೋಡಿ, ‘ನಮ್ಮತ್ತೆ ಹೇಳ್ತಿದ್ದಿದ್ದು ಸುಳ್ಳಲ್ಲ ನೋಡು’ ಅಂದ್ರು. ಇನ್ಮೇಲೆ ಎಣ್ಣೆ ಬದಲು ಹೂ ಇಡ್ತೀನಿ, ಅಕ್ಷರ ಓದೋರು ಬಂದು ಓದಲಿ ಅಂತಲೂ ಅವರೇ ಹೇಳಿದ್ರು.

ಹಾವೇರಿ_ಮಂದಿ
ಅಜ್ಜಿ ಮಾತ ರೆಕಾರ್ಡ್ ಮಾಡ್ಕೊರಿ ಮೊದ್ಲ. ಕಲ್ಲ ಇನ್ನೂ ಇರ್ತೈತಿ.

ಮಲ್ಲೇಶ್ವರಂ_8ನೇ_ಅಡ್ಡರಸ್ತೆ
ಅಜ್ಜಿ ಅಲ್ಲಿರೋವರೆಗೂ ಕಲ್ಲು ಅಲ್ಲೇ ಇರಲಿ ಅಂತ ಈಗ ನನಗೂ ಅನ್ಸುತ್ತೆ. ಆಮೇಲೆ ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆ ಹಾಗೇ ಇದೆ. ನಿಮ್ಮ ಬಡಾವಣೆ ಸಂಘದಲ್ಲಿ ಇದನ್ನ ಮಾತಾಡಿ. ಒಂದು ಚಪ್ಪರ, ಒಂದು ಫಲಕ ಹಾಕೋಕೆ ನಾನೂ ಹಣ ಕೊಡ್ತೀನಿ.

ಜೆಸಿ_ನಗರ
ನಾನೂ ಇದೀನಿ. ಫಲಕದಲ್ಲಿ ನಾಯಿಯ ವಿಷಯ ಬಿಡಬೇಡಿ.

ಟಾಮಿ_ಅಮ್ಮ
ಮೇಷ್ಟ್ರೇ, ಇದನ್ನೆಲ್ಲ ಓದಿ ನಮ್ಮ ಜಕ್ಕೂರು ಕಡೆ ನಾವು ಓಡಾಡೋ ದಾರಿಯಲ್ಲಿರೋ ಕಲ್ಲಿನ ಫೋಟೋ ತೆಗೆದೆ. ಒಂದು ಕಂಬ, ಅದರಿಂದ ಹೊರಗೆ ಬಂದಿರೋ ಒಂದು ತೋಳು, ಅಂಗೈ ಮೇಲೆತ್ತಿದೆ, ಕೈತುಂಬ ಬಳೆ. ಪಕ್ಕದಲ್ಲಿ ಗಂಡು ಹೆಣ್ಣು ನಿಂತಿದಾರೆ. ಇದೇನು?

ನಿವೃತ್ತ_ಮೇಷ್ಟ್ರು
ಮಾಸ್ತಿಕಲ್ಲು ತಾಯಿ. ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ಬಳೆ ತೊಟ್ಟ ಆ ಕೈಯೇ ಗುರುತು. ಕಲ್ಲಿನ ಹಿಂಬದಿಯ ಫೋಟೋವನ್ನೂ ಹಾಕಿ, ಕೆಲವೊಮ್ಮೆ ಅಲ್ಲಿ ಬರಹವಿರುತ್ತದೆ. ಮತ್ತೆ, ಅಲ್ಲಿಯ ಹಳಬರು ಅದನ್ನು ಏನೆಂದು ಕರೆಯುತ್ತಾರೆ, ಹಬ್ಬದ ದಿನ ಏನು ಇಡುತ್ತಾರೆ, ಅದನ್ನೂ ಕೇಳಿಕೊಂಡು ಬನ್ನಿ.